ಅಕ್ಕನ ಮೊಣಕಾಲು ಯಾರ ಹತ್ತಿರ ಇದೆ

ನಮ್ಮ ಊರಿನಲ್ಲಿ ಯಾರಾದರೂ ಕುಂಟುತ್ತ ಎದುರಾದರೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಯಾರದು ಎಂದು ಕೇಳುತ್ತಾರೆ. “ನಮ್ಮತ್ತಿದು. ಆಕಿ ತವರಮನಿಗೆ ಹೋಗ್ಯಾಳ” ಎಂದು ಉತ್ತರ ಬರುತ್ತದೆ. ಕೇಳಿದವರು “ಹೌದನ?” ಎಂದು ತಮ್ಮ ದಾರಿ ಹಿಡಿಯುತ್ತಾರೆ. ನೋವಿದ್ದವರು ಹೊಸ್ತಿಲ ಒಳಗೆ ನಿಲ್ಲಬೇಕು. ಹೊರುವವರು ಹೊಸ್ತಿಲ ಹೊರಗೆ ನಿಂತು ಅಂಗೈ ಚಾಚಿ “ಕೊಡು” ಎನ್ನಬೇಕು. ಒಳಗಿನವರು ಅದರ ಮೇಲೆ ತಮ್ಮ ಅಂಗೈ ಇಟ್ಟು “ತಗೋ” ಎನ್ನಬೇಕು. ಅಷ್ಟೇ. ಮದುವೆಯ ದಿನ ಮದುಮಗಳ ಹಲ್ಲುನೋವನ್ನು ಹೊತ್ತ ಸೋದರಮಾವ ದವಡೆ ಹಿಡಿದುಕೊಂಡು ಪಂಕ್ತಿಯಲ್ಲಿ ಕೂತು ಹೋಳಿಗೆಯನ್ನು ಹಾಲಿನಲ್ಲಿ ನೆನೆಸುತ್ತಿರುತ್ತಾನೆ. ಹೆರಿಗೆಯಾಗುವ ಮನೆಯ ಕಟ್ಟೆಯ ಮೇಲೆ ಓಣಿಯ ಹೆಂಗಸರು ಸಾಲಾಗಿ ಕೂತು ಗೋಡೆ ಪರಚುತ್ತಿರುವಾಗ, ಹೆರುವವಳು ಒಳಗಿನಿಂದ ಒಂದು ಕಪ್ ಚಹಾ ಕೇಳುತ್ತಾಳೆ. ಗಾಯ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಮುರಿದ ಎಲುಬು ಮುರಿದವರಲ್ಲೇ ಇರುತ್ತದೆ. ಅದರ ನೋವು, ಬಿಗಿತ, ಕುಂಟು ಇವೆಲ್ಲ ಬೇರೆಯವರ ಮನೆಗೆ ಹೋಗಿ ಇದ್ದು ಬರುತ್ತವೆ. ಇದಕ್ಕೆ ನಾವು ಹೊರೆ ಎನ್ನುತ್ತೇವೆ.

ಹೊರೆಗೆ ಎರಡು ಕಟ್ಟಳೆಗಳಿವೆ. ಕೊಟ್ಟವರು ತಾವಾಗಿ ಅದನ್ನು ವಾಪಸು ಕೇಳಬಾರದು. ಕೇಳಿದರೆ ಹೊತ್ತವರ ಮರ್ಯಾದೆ ತೆಗೆದ ಹಾಗೆ. ಬೇಕೇಬೇಕಾದರೆ ಮನೆಯ ಇನ್ನೊಬ್ಬರು ಹೋಗಿ ಕೇಳಿ, ತಾವೇ ಹೊತ್ತು ತರಬೇಕು. ಎರಡನೆಯದು, ದೊಡ್ಡ ಕೆಲಸಕ್ಕೆ ಹೊರಟವರನ್ನು ಊರು ಹಗುರ ಮಾಡಿ ಕಳಿಸಬೇಕು. ಪರೀಕ್ಷೆ, ಕನ್ಯೆ ನೋಡುವುದು, ಕೋರ್ಟು, ಇಂಥದ್ದಕ್ಕೆ ಯಾರೂ ಸೊಂಟನೋವು ಕಟ್ಟಿಕೊಂಡು ಹೋದದ್ದಿಲ್ಲ. ಹೊರಗಿನವರಿಗೆ ಇದನ್ನೆಲ್ಲ ನಾವು ಹೇಳುವುದಿಲ್ಲ. ಬಚ್ಚಿಡಬೇಕೆಂದಲ್ಲ, ಹೇಳಲು ನಾಚಿಕೆ. ಹಾಗಾಗಿ ಊರ ಆಚೆಯ ಹೊಸ್ತಿಲುಗಳಲ್ಲಿ ಇದು ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ನನ್ನ ಹೆಸರು ಸುಗಲಾ. ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ. ಕಿರಾಣಿ ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರೆ ಅವರು ಹೋಗುವ ತನಕ ಬೆಲ್ಲದ ಡಬ್ಬಿಯನ್ನು ನೋಡುತ್ತ ನಿಲ್ಲುವವಳು ನಾನು. ಹೇಳಬೇಕಾದದ್ದು ದಿನಚರಿಗೆ ಹೋಗುತ್ತದೆ. “ಈಕಿ ಮೂಕತನ ಯಾರದೋ ಹೊರಿ ಇರಬೇಕವ್ವಾ. ಕೊಟ್ಟವರು ಮರತ ಹೋಗ್ಯಾರ” ಎಂದು ಅವ್ವ ಓಣಿಯವರೆದುರು ನಗೆಯಾಡುತ್ತಿದ್ದಳು.

ಅಕ್ಕ ನೀಲಗಂಗಾ ನನಗೆ ಪೂರ್ತಿ ವಿರುದ್ಧ. ಅಪ್ಪ ತೀರಿಕೊಂಡ ಮೇಲೆ ಅವ್ವ ಜೋಳದ ರೊಟ್ಟಿ ಬಡಿದು ಮಾರಿ ನಮ್ಮನ್ನು ಸಾಕುತ್ತಿದ್ದಾಗ, ಅಕ್ಕ ಹಿಟ್ಟಿನ ಗಿರಣಿಯ ದುರದುಂಡಪ್ಪ ಕಾಕಾನ ಲಾರಿಯಲ್ಲಿ ಸ್ಟಿಯರಿಂಗ್ ಹಿಡಿಯುವುದನ್ನು ಕಲಿತಳು. ಆಮೇಲೆ ಮಿಲಿಟರಿ ಸೇರಿದಳು. ಹಿಮದ ಗುಡ್ಡಗಳಲ್ಲಿ ರೇಷನ್ ಸಾಗಿಸುವ ಟ್ರಕ್ಕು ಅವಳದು. ನನ್ನ ಡಿಗ್ರಿ ಆ ಟ್ರಕ್ಕಿನ ಗಾಲಿಯ ಮೇಲೇ ಬಂದದ್ದು. ಒಂದು ದಿನ ರಸ್ತೆಗೆ ಬಿದ್ದ ಬಂಡೆಯನ್ನು ಸಿಡಿಸುವಾಗ ಗುಡ್ಡದ ಇನ್ನೊಂದು ಪಕ್ಕೆಯೂ ಸಿಡಿದು ಅವಳ ಟ್ರಕ್ಕು ಮಗುಚಿತು. ಬಲಗಾಲ ಮೊಣಕಾಲು ಒಡೆದು ಅದರೊಳಗೆ ಲೋಹದ ಪಟ್ಟಿ, ಸ್ಕ್ರೂ ಕೂತವು. ಎಡಗಿವಿಯಲ್ಲಿ ಒಂದು ಸದ್ದು ಬಂದು ಕೂತಿತು, ಆಮೇಲೆ ಏಳಲೇ ಇಲ್ಲ. ಮಿಲಿಟರಿಯ ಡಾಕ್ಟರುಗಳ ಮಂಡಳಿ, ಅಕ್ಕ ಅದನ್ನು ಬೋರ್ಡ್ ಎನ್ನುತ್ತಾಳೆ, ಇವಳಿಂದ ಇನ್ನು ಸೇವೆ ಆಗದು ಎಂದು ಬರೆದು, ಸದ್ಯಕ್ಕೆ ಪಿಂಚಣಿ ಕೊಟ್ಟು, ಮುಂದೆ ಇನ್ನೊಮ್ಮೆ ಕರೆದು ನೋಡುತ್ತೇವೆ ಎಂದು ಮನೆಗೆ ಕಳಿಸಿತು.

ಕಪ್ಪು ಟ್ರಂಕು ಹೊತ್ತು ಅವಳು ಬಸ್ಸಿಳಿದ ದಿನವೇ ಓಣಿಯವರೆಲ್ಲ ಬಾಗಿಲಿಗೆ ಬಂದು ಅಂಗೈ ಚಾಚಿದರು.

“ಕೈ ಇಳಸ್ರಿ, ಭಿಕ್ಷಾಕ್ಕ ಬಂದವರಂಗ ಕಾಣಾಕತ್ತೀರಿ” ಎಂದಳು ಅಕ್ಕ. “ನನ್ನ ಕಾಲು ನನಗ ಇರಲಿ. ಅಷ್ಟು ವರ್ಷ ಅಲ್ಲೆ ಯಾರೂ ಹೊತ್ತಿಲ್ಲ, ಇಲ್ಲೆ ಯಾಕ?”

“ಅಲ್ಲೆ ಹೊಸ್ತಿಲಾ ಇದ್ದಿಲ್ಲೇನೋ” ಎಂದರು ದರ್ಜಿ ಮೈಬೂಬ ಕಾಕಾ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಹೊರೆ ಮಾತ್ರ ಕೊಡಲಿಲ್ಲ.

ಗಿರಣಿಯ ಹಿಂದೆ ದುರದುಂಡಪ್ಪ ಕಾಕಾನ ಹಳೆಯ ಲಾರಿ ನಿಂತಿತ್ತು. ಅದರ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅಕ್ಕ ಕುಂಟುತ್ತ ಹೋಗಿ ಕೋಳಿಗಳನ್ನು ಓಡಿಸಿ, ಬಾನೆಟ್ಟು ಎತ್ತಿ, ಇಡೀ ಮಧ್ಯಾಹ್ನ ಅದರೊಳಗೆ ತಲೆ ಹಾಕಿ ನಿಂತಿದ್ದಳು. ಊರಿನ ಹುಡುಗಿಯರಿಗೆ ಲಾರಿ ಓಡಿಸಲು ಕಲಿಸುವ ಶಾಲೆ ತೆರೆಯುತ್ತೇನೆ ಎಂದಳು. ಕಾಕಾ ಮೀಸೆ ತಿರುವಿದ. “ಕಂತಿನ ಮ್ಯಾಲೆ ತಗೋ. ನಿನ್ನ ಪೆನ್ಶನ್ ಬರೂತನಕ ಲಾರಿ ನಿಂದು. ಅದು ನಿಂತ ದಿನ ಕೋಳಿದು.” ಅಕ್ಕ ಅವನ ಕೈ ಕುಲುಕಿ ಒಪ್ಪಿಕೊಂಡಳು. ಮೊದಲ ಶಿಷ್ಯೆ ನಾನೇ ಎಂದು ನನ್ನನ್ನು ಕೇಳದೆಯೇ ಸಾರಿಬಿಟ್ಟಳು.

ಮರುಪರೀಕ್ಷೆಗೆ ಕರೆ ಬಂದದ್ದು ಅಷ್ಟರಲ್ಲೇ. ಹೊರಡುವ ದಿನ ಬೆಳಗ್ಗೆ ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಇದಕ್ಕಿಂತ ದೊಡ್ಡ ಕೆಲಸ ಇನ್ನೇನೈತಿ? ಹಗುರಾಗಿ ಹೋಗು, ನೀಲಾ. ಇಷ್ಟು ದಿನ ನಿನ್ನ ಹಟ ನಡೀತು. ಇವತ್ತೊಂದ ದಿನ ನನ್ನದು ನಡೀಲಿ.”

“ಅವ್ವಾ, ಅಲ್ಲೆ ಕಾಲು ನೋಡಾಕ ಕರದಾರ, ಕುಣಿಯಾಕ ಅಲ್ಲ.”

“ಎಲುಬು ಅಂತೂ ನಿನ್ನಲ್ಲೇ ಇರತೈತಲ್ಲ. ಫೋಟೋ ತಗೀತಾರಲ್ಲ, ಅದರಾಗ ಸ್ಕ್ರೂ ಕಾಣೂದಿಲ್ಲೇನು? ನೀ ಹೆಂಗ ನಡದರ ಏನು?”

ಅಕ್ಕ ತನ್ನ ಬೂಟು ನೋಡಿಕೊಂಡಳು. ಅವಳ ಮುಖವನ್ನು ನಾನು ನೋಡುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ತಿಕ್ಕಿದ ಬೂಟು. ಹಳೆಯ ಅಧಿಕಾರಿಗಳ ಮುಂದೆ ಕುಂಟುತ್ತ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ನೆಟ್ಟಗೆ ನಡೆದು ಹೋಗಿ ಒಂದು ಸೆಲ್ಯೂಟು ಹೊಡೆಯಬೇಕೆಂಬ ಆಸೆ ಕಣ್ಣಿನ ತುದಿಯವರೆಗೆ ಬಂದು ನಿಂತಿತ್ತು. “ಫೋಟೋದಾಗ ಅಂತೂ ಕಾಣತೈತಿ” ಎಂದಳು ತನಗೇ ಹೇಳಿಕೊಳ್ಳುವಂತೆ. ಆಮೇಲೆ ಹೊಸ್ತಿಲ ಒಳಗೆ ಬಂದು ನಿಂತಳು. ಮೊಣಕಾಲನ್ನು ದುರದುಂಡಪ್ಪ ಕಾಕಾ ತೆಗೆದುಕೊಂಡ. ಕಿವಿಯನ್ನು ನಾನು ತೆಗೆದುಕೊಂಡೆ.

ಅದು ದೂರದಲ್ಲೆಲ್ಲೋ ಗಿರಣಿ ಓಡುತ್ತಿರುವಂಥ ಸದ್ದು. ಯಾರು ಮಾತಾಡಿದರೂ ಹಿಟ್ಟಿನ ಧೂಳಿನ ಆಚೆಯಿಂದ ಮಾತಾಡಿದ ಹಾಗೆ. ಒಳ್ಳೆಯ ಕಿವಿಯೂ ಆ ಸದ್ದಿಗೆ ಹೆದರಿ ಹಿಂದೆ ಸರಿಯುತ್ತಿತ್ತು. ಮೊದಲ ದಿನ ತಲೆ ಸಿಡಿದು ಮಲಗಿಬಿಟ್ಟೆ. ಆದರೆ ಎರಡು ಮೂರು ದಿನದಲ್ಲಿ ಒಂದು ವಿಚಿತ್ರವಾಯಿತು. ನನ್ನ ಧ್ವನಿ ನನಗೇ ಸರಿಯಾಗಿ ಕೇಳುತ್ತಿರಲಿಲ್ಲವಲ್ಲ, ಹಾಗಾಗಿ ಅದನ್ನು ಕೇಳಿ ನಾಚುವುದೂ ತಪ್ಪಿತು. ಕಿರಾಣಿ ಅಂಗಡಿಯಲ್ಲಿ ಎಲ್ಲರ ನಡುವೆ “ಅರ್ಧ ಕಿಲೋ ಬೆಲ್ಲ ಕೊಡ್ರಿ!” ಎಂದು ಕೂಗಿದೆ. ಅಂಗಡಿಯವರು ಬೆದರಿ ಒಂದು ಕಿಲೋ ತೂಗಿದರು.

ಅಕ್ಕ ಬಸ್ಸಿನಿಂದ ಹಾರಿಳಿದು ಬಂದಳು. ಬೋರ್ಡಿನವರು ಬಗ್ಗು ಎಂದರೆ ಬಗ್ಗಿದಳಂತೆ, ಕೂಡು ಎಂದರೆ ಕೂತು ಎದ್ದಳಂತೆ. ಬೆನ್ನ ಹಿಂದೆ ಪಿಸುಗುಟ್ಟಿದ್ದನ್ನೂ ಹೇಳಿ ತೋರಿಸಿದಳಂತೆ. “ಶಾಬ್ಬಾಶ್ ಅಂದ್ರು, ಅವ್ವಾ!” ಎಂದಳು. ಆ ಸಂಭ್ರಮದಲ್ಲಿ ಹೊರೆ ವಾಪಸು ತರುವ ಮಾತೇ ಬರಲಿಲ್ಲ. ಓಣಿಯವರೂ “ಇರಲಿ ಬಿಡ್ರಿ, ಹುಡುಗಿ ಒಂದೀಟು ನಿದ್ದಿ ಮಾಡಲಿ” ಎಂದರು. ಎಷ್ಟೋ ತಿಂಗಳ ಮೇಲೆ ಅಕ್ಕ ಕಾಲು ಮಡಚಿ ನೆಲದ ಮೇಲೆ ಕೂತು ಉಂಡಳು. ಲಾರಿಯ ಇಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಒಂದು ದಿನ ಕೊನೆಗೂ ಹೂಂಕರಿಸಿತು.

ಆಮೇಲೆ ಬೋರ್ಡಿನ ಪತ್ರ ಬಂತು.

ಅಕ್ಕ ಅದನ್ನು ಓದಿ ಒಲೆಯ ಹತ್ತಿರ ಬಂದು ಕೂತಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಆರಾಮಾಗೈತಿ ಅಂತ ಬರದಾರ. ಪೆನ್ಶನ್ ಬಂದ್.”

“ಆರಾಮಾಗೈತಿ ಅಂದ್ರ ಕೆಲಸಕ್ಕ ಕರೀತಾರೇನು?”

“ಇಲ್ಲ. ಸ್ಕ್ರೂ ಇದ್ದ ಕಾಲು ಅವರಿಗೆ ಬ್ಯಾಡ.”

“ಇದೇನ ನ್ಯಾಯವ್ವಾ? ಕೆಲಸಕ್ಕ ಕೆಟ್ಟ ಕಾಲು, ಪೆನ್ಶನ್‌ಗೆ ಚೊಲೋ ಕಾಲು?”

ಅಕ್ಕ ಹಿಟ್ಟಿನ ಎರಡು ಉಂಡೆ ತೆಗೆದು ಪರಾತದಲ್ಲಿ ಇಟ್ಟಳು. “ನೋಡವ್ವಾ, ಮಿಲಿಟರಿಯೊಳಗ ಪೂರ್ತಿ ವರ್ಷ ತುಂಬಿಸಿ ಬಂದವರಿಗೆ ಪೆನ್ಶನ್ ತಾನ ನಡಕೊಂಡ ಬರತೈತಿ. ನಾ ತುಂಬಿಸಲಿಲ್ಲ, ಡಾಕ್ಟರು ನಡುವ ಕಳಿಸಿದ್ರು. ಹಂಗ ಕಳಿಸಿದವರಿಗೆ ಎರಡು ಪಾಲು. ಇದು ನಾ ದುಡದ ವರ್ಷಕ್ಕ. ಇದು ನಾ ಅಲ್ಲೆ ಕಳಕೊಂಡ ಮೈಯಿಗೆ. ಖರೇ ಅಂದ್ರ ವರ್ಷ ಕಡಿಮಿ ಬಿದ್ದಾವಲ್ಲ, ಅದಕ್ಕ ಈ ಮೊದಲನೇ ಪಾಲು ಒಂದ ನಿಂದ್ರೂದಿಲ್ಲ. ಎರಡನೇದರ ಕೈ ಹಿಡಕೊಂಡ ನಿಂದ್ರಬೇಕು.” ಎರಡನೆಯ ಉಂಡೆಯನ್ನು ಬೆರಳಿನಿಂದ ಚಪ್ಪಟೆ ಮಾಡಿದಳು. “ಮೈಯಿಗೆ ಏನೂ ಆಗಿಲ್ಲ ಅಂದ್ರು. ಎರಡೂ ಹೋದವು. ನನ್ನನ್ನ ಹೊರಲಾರದ ಕಾಲು ನನ್ನ ಪೆನ್ಶನ್ ಹೊತ್ತಕೊಂಡು ನಿಂತಿತ್ತು. ನಾ ಆ ಕಾಲನ್ನ ಮಂದಿ ಮನ್ಯಾಗ ಬಿಟ್ಟು ಹೋಗಿದ್ದೆ.”

ಅವ್ವನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. “ನಾನ ಕಳಿಸಿದೆ” ಎಂದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ನಮ್ಮ ಮನೆಯಲ್ಲಿ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಂದು ದಾರಿ ಇತ್ತು. ಮೇಲ್ಮನವಿ ಹಾಕಿದರೆ ಬೋರ್ಡು ಮತ್ತೊಮ್ಮೆ ನೋಡುತ್ತದೆ. ಒಂದೇ ಸಲ, ಅದೇ ಕೊನೆ. ಅಕ್ಕ ಅರ್ಜಿ ಹಾಕಿದಳು. ಬೋರ್ಡಿನ ದಿನ ಅವಳು ಹಗುರಾಗಿ ಹೋಗುವಂತಿರಲಿಲ್ಲ. ಇದ್ದದ್ದನ್ನೆಲ್ಲ ಮೈಮೇಲೆ ಹೊತ್ತು ಹೋಗಬೇಕು. ಆದರೆ ಕೊಟ್ಟವಳು ತಾನಾಗಿ ಕೇಳುವಂತಿಲ್ಲ. ಅವ್ವ ನಾಚಿಕೆಯಿಂದ ಬಾಗಿಲು ದಾಟುತ್ತಿರಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು.

“ಆಕಿ ಹೋಗಿ ಏನ ಕೇಳತಾಳ, ಬೆಲ್ಲದ ಡಬ್ಬಿ ನೋಡಕೊಂತ ನಿಂದ್ರತಾಳ” ಎಂದಳು ಅವ್ವ ಸೋತ ದನಿಯಲ್ಲಿ.

“ಹೋಗತೀನಿ!” ಎಂದೆ. ಕಿವಿಯ ದೆಸೆಯಿಂದ ಅದು ಎಷ್ಟು ಜೋರಾಗಿ ಬಂತೆಂದರೆ ಅಕ್ಕ ಕೈಯಲ್ಲಿದ್ದ ಲೋಟ ಕೆಡವಿದಳು.

ಮೊದಲು ಗಿರಣಿಗೆ ಹೋದೆ. ದುರದುಂಡಪ್ಪ ಕಾಕಾ ಹಿಟ್ಟು ಮೆತ್ತಿದ ಹುಬ್ಬಿನಡಿಯಿಂದ ನನ್ನನ್ನು ನೋಡಿದ. “ಮೊಣಕಾಲು ಪೂರಾ ನನ್ನ ಹತ್ತಿರ ಎಲ್ಲೈತಿ? ಆ ಕಾಲು ಕಟಗೊಂಡು ಗಿರಣಿ ಏಣಿ ಹತ್ತಾಕ ಆಗಲಿಲ್ಲ. ಪಾಲು ಮಾಡಿದೆ. ಮಡಚಲಾರದ್ದು ಮೈಬೂಬನ ಹತ್ತಿರ ಐತಿ. ಬೆಳಗಿನ ಜಾವ ಚುಚ್ಚೂದು ತಾರಾಬಾಯಿ ಟೀಚರ್ ಹತ್ತಿರ. ನನ್ನ ಹತ್ತಿರ ಇಳಿಯುವಾಗ ಕೈ ಕೊಡೂದು ಐತಿ.”

“ಅದನ್ನ ಕೊಡ್ರಿ, ಕಾಕಾ.”

“ಲಾರಿ ಕೋಳಿಗೆ ಹೋಗಬಾರದು ಅಂತ ಅಲ್ಲೇನು?” ಅವನು ಗಿರಣಿಯ ಹೊಸ್ತಿಲ ಒಳಗೆ ಬಂದು ನಿಂತ. “ನೋಡು ಮಗಳ, ನಾ ಆ ಮಾತು ಚ್ಯಾಷ್ಟಿಗೆ ಅಂದಿದ್ದೆ. ನೀಲಾಗ ಹೇಳು. ಅಲ್ಲ, ಬ್ಯಾಡ, ಹೇಳಬ್ಯಾಡ. ಹೇಳಿದರ ಆಕಿ ಸಿಟ್ಟಿಗೆದ್ದು ಲಾರಿನ ಬ್ಯಾಡ ಅಂದಾಳು. ತಗೋ.”

ಗಿರಣಿಯ ಕಟ್ಟೆ ಇಳಿಯುವಾಗ ನನಗೆ ಅದೇನೆಂದು ತಿಳಿಯಿತು. ಕಾಲು ಇರುತ್ತದೆ, ಇದ್ದಕ್ಕಿದ್ದಂತೆ ಇರುವುದಿಲ್ಲ. ಮೊದಲು ಗೋಡೆ ಹಿಡಿದೆ. ಆಮೇಲೆ ಅಲ್ಲಿದ್ದ ಜೋಳದ ಚೀಲ ಹಿಡಿದೆ. ಚೀಲ ನನ್ನ ಜೊತೆಗೇ ಬಂತು.

ಮೈಬೂಬ ಕಾಕಾ ಒಂದೇ ಕಾಲಿನಿಂದ ಹೊಲಿಗೆ ಮಷೀನು ತುಳಿಯುತ್ತಿದ್ದರು. ಬಲಗಾಲು ಬಡಿಗೆಯಂತೆ ಮುಂದಕ್ಕೆ ಚಾಚಿತ್ತು. ನಾನು ಕೇಳಬೇಕಾದ್ದನ್ನು ಬೀದಿಯಿಂದಲೇ ಕೂಗಿ ಕೇಳಿದೆ.

“ಅಬ್ಬಬ್ಬಾ! ಸುಗಲವ್ವಾ, ನಿನ್ನ ಧ್ವನಿ ಹಿಂಗ ಐತೇನು? ಇಷ್ಟು ವರ್ಷ ಎಲ್ಲಿ ಮಡಚಿ ಇಟ್ಟಿದ್ದಿ?”

“ನಿಮ್ಮ ಕಾಲು ಕೊಡ್ರಿ, ಕಾಕಾ.”

“ನಂದಲ್ಲ, ನಿಮ್ಮಕ್ಕಂದು. ತಗೋ. ನಮಾಜಿಗೆ ಕುರ್ಚಿ ಮ್ಯಾಲೆ ಕೂಡತಿದ್ದೆ. ಪಕ್ಕದ ಮುದುಕ ದಿನಾ ಕೇಳಾಂವ, ಮೈಬೂಬ, ಯಾರದು ಅಂತ. ಮಿಲಿಟರಿದು ಅಂತಿದ್ದೆ. ಎಷ್ಟು ಮರ್ಯಾದಿ ಕೊಡತಿದ್ದ ಗೊತ್ತೇನು?” ಅವರು ಎದ್ದು ಎರಡೂ ಮೊಣಕಾಲು ಮಡಚಿ ನೋಡಿಕೊಂಡು, ಏನೋ ಕಳೆದುಕೊಂಡವರ ಹಾಗೆ ನಕ್ಕರು.

ತಾರಾಬಾಯಿ ಟೀಚರ್ ನನಗೆ ಅಕ್ಷರ ಕಲಿಸಿದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾನು ಕಾಲೆಳೆಯುತ್ತ ಅಂಗಳಕ್ಕೆ ಬಂದದ್ದನ್ನು ನೋಡಿಯೇ ಅವರಿಗೆ ತಿಳಿಯಿತು. ಬಾಗಿಲಿಗೆ ಬಂದರು. ಅಂಗೈ ಮಾತ್ರ ಮುಂದೆ ಮಾಡಲಿಲ್ಲ.

“ಇದೊಂದು ನನ್ನ ಹತ್ತರನ ಇರಲಿ, ಸುಗಲಾ. ಉಳದದ್ದೆಲ್ಲಾ ಸಿಕ್ತಲ್ಲಾ.”

“ಎಲ್ಲಾ ಬೇಕ್ರಿ, ಟೀಚರ್. ಒಂದು ಕಡಿಮಿ ಆದರೂ ಅಕ್ಕನ ಕಾಲು ಪೂರಾ ಆಗೂದಿಲ್ಲ.”

ಅವರು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತರು. “ಅವರು ಇದ್ದಾಗ ದಿನಾ ನಸುಕಿನ್ಯಾಗ ನನ್ನ ಎಬ್ಬಸ್ತಿದ್ರು, ಚಹಾಕ್ಕ. ನನಗ ಬೇಜಾರು ಬರ್ತಿತ್ತು. ಈಗ ಈ ನೋವು ಅದ ಹೊತ್ತಿಗೆ ಬಂದು ಎಬ್ಬಸ್ತದ. ಎದ್ದು ಚಹಾ ಮಾಡ್ಕೋತೀನಿ. ಹೇಳಿದ್ರ ನಗಬ್ಯಾಡ.”

ನನಗೆ ನಗು ಬರಲಿಲ್ಲ. ಕಿವಿಯ ಸದ್ದಿನ ಮೇಲಿಂದ ಕೂಗದೆ, ಈ ಮಾತನ್ನು ಮೆಲ್ಲಗೆ ಹೇಳಬೇಕೆಂದು ಬಹಳ ಪ್ರಯತ್ನ ಮಾಡಿದೆ. “ಬೋರ್ಡ್ ಮುಗದ ಮ್ಯಾಲೆ ಇದನ್ನ ಮದಲ ನಿಮಗ ಕೊಡಸ್ತೀನ್ರಿ. ಬ್ಯಾರೆ ಯಾರಿಗೂ ಇಲ್ಲ.”

“ನಿಮ್ಮಕ್ಕ ಕೊಡ್ತಾಳೇನು? ಆಕಿ ಭಾಳ ಬಿಗಿ.”

“ಕೊಡಸ್ತೀನಿ ಅಂತ ಅಂದೆನಲ್ರಿ!” ಈ ಸಲ ಕೂಗೇ ಬಂತು. ಟೀಚರ್ ನಕ್ಕು ಅಂಗೈ ಮುಂದೆ ಮಾಡಿದರು.

ಇಡೀ ಮೊಣಕಾಲು ಮತ್ತು ಕಿವಿ ಎರಡನ್ನೂ ಹೊತ್ತು ಮನೆಗೆ ಬರುವಾಗ ನಮ್ಮ ಓಣಿ ನನಗೆ ಗುಡ್ಡದಷ್ಟು ಉದ್ದವಾಯಿತು. ಅಕ್ಕ ಊರಿಗೆ ಬಂದು ತಿಂಗಳುಗಟ್ಟಲೆ ಇದನ್ನು ಹೊತ್ತುಕೊಂಡೇ ನೀರು ಸೇದಿದ್ದಳು, ನನ್ನ ಜಡೆ ಎಳೆದು ಚೇಷ್ಟೆ ಮಾಡಿದ್ದಳು, ಬಾನೆಟ್ಟಿನೊಳಗೆ ತಲೆ ಹಾಕಿ ಹಾಡಿದ್ದಳು. ಒಂದು ದಿನವೂ ಮುಖ ಗಂಟಿಕ್ಕಿರಲಿಲ್ಲ. ಮನೆಯೊಳಗೆ ಹೋಗಿ ಹೊಸ್ತಿಲ ಈಚೆ ನಿಂತೆ. ಅಕ್ಕ ಬೀದಿಗೆ ಇಳಿದು, ತನ್ನ ಮನೆಯ ಮುಂದೆಯೇ ಅಂಗೈ ಚಾಚಿ ನಿಂತು, “ಕೊಡು” ಎಂದಳು. ಎಲ್ಲ ಕೊಟ್ಟೆ. ಲೋಕ ತಟ್ಟನೆ ಸ್ವಚ್ಛವಾಗಿ ಕೇಳಿಸಿತು. ನನ್ನ ದನಿಯೂ ನನಗೆ ಕೇಳಿಸಿತು. ಅಲ್ಲಿಂದ ಬೋರ್ಡಿನ ಊರು ಮುಟ್ಟುವ ತನಕ ನಾನು ಮತ್ತೆ ಹಳೆಯ ಸುಗಲಾ. ಬಸ್ಸಿನಲ್ಲಿ ಕಿಟಕಿ ಹಾಕಿರೆಂದು ಮುಂದಿನ ಸೀಟಿನವರಿಗೆ ಹೇಳಲಾಗದೆ ಇಡೀ ದಾರಿ ಧೂಳು ಕುಡಿದೆ.

ಅದು ಮಹಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತುವಾಗ ಅಕ್ಕ ನನ್ನ ಹೆಗಲು ಹಿಡಿಯಲಿಲ್ಲ. ಮೆಟ್ಟಿಲ ಕಂಬಿಯನ್ನೇ ಹಿಡಿದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದೇ ಇತ್ತು. ಒಳಗೆ ಮೂವರು ಡಾಕ್ಟರು. ನಡುವೆ ಕೂತ ಹಿರಿಯ ಹೆಂಗಸು ಬೋರ್ಡಿನ ಮುಖ್ಯಸ್ಥೆ, ಕರ್ನಲ್. ಅವರು ಹಳೆಯ ಕಾಗದವನ್ನೂ ಅಕ್ಕನ ಕಾಲನ್ನೂ ಎರಡೆರಡು ಸಲ ನೋಡಿದರು.

“ಕಳೆದ ಸಲ ಇದೇ ಕೋಣೆಯಲ್ಲಿ ನೀವು ಕುಕ್ಕರುಗಾಲಲ್ಲಿ ಕೂತು ಎದ್ದಿದ್ದೀರಿ. ಪಿಸುಮಾತು ಕೇಳಿಸಿದೆ. ಪಿಂಚಣಿ ನಿಂತ ಕೂಡಲೇ ಕಾಲು ಮಡಚುವುದಿಲ್ಲ, ಕಿವಿ ಕೇಳಿಸುವುದಿಲ್ಲ. ನಾವು ಏನೆಂದು ತಿಳಿಯಬೇಕು?”

“ಇದಽ ನನ್ನ ಕಾಲು, ಮೇಡಂ” ಎಂದಳು ಅಕ್ಕ. “ಅವತ್ತಿನದು ಅಲ್ಲ.”

“ಅವತ್ತು ಯಾರ ಕಾಲು ತಂದಿದ್ದಿರಿ?”

ನಮ್ಮ ಊರಿನ ನಾಚಿಕೆ ಅಕ್ಕನಿಗೂ ಇತ್ತು. ಬಂಡೆ ಸಿಡಿದಾಗ ಹೆದರದವಳು ಇದನ್ನು ಹೇಳಲು ಹೆದರಿ ನಿಂತಿದ್ದಳು. ಪಕ್ಕದ ಡಾಕ್ಟರು ಪೆನ್ನಿನ ಟೊಪ್ಪಿಗೆ ತೆಗೆದರು. ಅವರು ಬರೆದರೆ ಮುಗಿಯಿತು, ಅಕ್ಕ ಮತ್ತೆ ಎಲ್ಲೂ ಕೇಳುವಂತಿಲ್ಲ. ನನ್ನ ಕಿವಿಯಲ್ಲಿ ಗಿರಣಿ ಇರಲಿಲ್ಲ. ಹಾಳಾದ್ದು, ನನ್ನ ಎದೆಬಡಿತವೂ ಸೇರಿ ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ಎದ್ದು ಬಾಗಿಲಿಗೆ ಹೋದೆ.

“ಮೇಡಂ” ಎಂದೆ. ಅದು ನನ್ನ ದನಿಯೇ, ಸಣ್ಣದು, ನಡುಗುವಂಥದ್ದು. “ಅವತ್ತು ಆಕಿ ಕಾಲು ನಮ್ಮ ಊರಾಗ ಇತ್ರಿ. ಓಣಿಯವರು ಹೊತ್ತಿದ್ರು. ಕಿವಿ ನನ್ನ ಹತ್ತಿರ ಇತ್ತು.”

ಮೂವರೂ ನನ್ನನ್ನು ನೋಡಿದರು. ಬೆಲ್ಲದ ಡಬ್ಬಿ ಎಲ್ಲೂ ಇರಲಿಲ್ಲ. ಕರ್ನಲ್ ಅವರ ಮುಖವನ್ನೇ ನೋಡುತ್ತ, ಹೊಸ್ತಿಲು, ಅಂಗೈ, ಕೊಡು, ತಗೋ ಎಲ್ಲವನ್ನೂ ಹೇಳಿದೆ. ಮೆಟ್ಟಿಲು ಇಳಿಯುವಾಗ ಕಾಲು ಇದ್ದಕ್ಕಿದ್ದಂತೆ ಇಲ್ಲವಾಗುವುದು ಹೇಗೆಂದು ಹೇಳಿದೆ. ಜೋಳದ ಚೀಲ ಬಿದ್ದದ್ದನ್ನೂ ಹೇಳಿದೆ. ಒಬ್ಬ ಡಾಕ್ಟರು ಕೆಮ್ಮಿ ನಗು ಅಡಗಿಸಿದರು.

“ಹಾಗಾದರೆ ನಾನು ಏನು ಮಾಡಬೇಕು?” ಎಂದರು ಕರ್ನಲ್.

“ಹೊರಗ ಬಂದು ನಿಂದ್ರಬೇಕ್ರಿ. ಇಲ್ಲೆ ನಡೀತೈತೋ ಇಲ್ಲೋ ನನಗೂ ಗೊತ್ತಿಲ್ಲ. ನೋಡಬಹುದು.”

ಅವರು ಗಡಿಯಾರ ನೋಡಿದರು. “ಸರಿ. ಊಟದ ಹೊತ್ತು. ಹೇಗಿದ್ದರೂ ಹೊರಗೆ ಬರುವವಳೇ” ಎಂದು ಎದ್ದು, ಅಕ್ಕನನ್ನು ದಾಟಿ, ಹೊಸ್ತಿಲಾಚೆ ವೆರಾಂಡದಲ್ಲಿ ನಿಂತು, ಮಕ್ಕಳ ಆಟಕ್ಕೆ ಒಪ್ಪಿದವರಂತೆ ಅಂಗೈ ಚಾಚಿದರು. “ಕೊಡು.”

ಅಕ್ಕ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ತನ್ನ ಅಂಗೈ ಅವರ ಅಂಗೈ ಮೇಲಿಟ್ಟಳು. “ತಗೋರಿ.”

ಕರ್ನಲ್ ಅವರ ಇನ್ನೊಂದು ಕೈ ಬಾಗಿಲಿನ ಚೌಕಟ್ಟನ್ನು ಹಿಡಿಯಿತು. ಜವಾನ ಓಡಿ ಬಂದ. ಅವರು ಬೇಡವೆಂದು ಕೈಸನ್ನೆ ಮಾಡಿದರು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, “ಇದು ಯಾವಾಗ ನಿಲ್ಲುತ್ತದೆ?” ಎಂದು ಇಡೀ ವೆರಾಂಡಕ್ಕೆ ಕೇಳುವಂತೆ ಕೂಗಿದರು.

“ನಿಂದ್ರೂದಿಲ್ರಿ” ಎಂದೆ ನಾನೂ ಕೂಗಿ.

ಅವರು ಮೆಟ್ಟಿಲುಗಳ ಕಡೆ ಹೋದರು. ಕಂಬಿ ಹಿಡಿದು ಇಳಿಯತೊಡಗಿದರು. ನಡುವೆ ಎಲ್ಲೋ ಬೂಟು ಜಾರಿದ ಸದ್ದು ಬಂತು. ಬಹಳ ಹೊತ್ತಿನ ಮೇಲೆ ಅವರು ಮೇಲೆ ಬಂದರು. ಹಣೆಯ ಮೇಲೆ ಬೆವರಿತ್ತು. ಊಟ ಮಾಡಿರಲಿಲ್ಲ. ಕೋಣೆಯೊಳಗೆ ಹೋಗಿ ಹೊಸ್ತಿಲ ಈಚೆ ನಿಂತು, ಅಕ್ಕನನ್ನು ಹೊರಗೆ ನಿಲ್ಲಿಸಿ, ತಾವಾಗಿಯೇ ಕೈ ಮುಂದೆ ಮಾಡಿದರು. ಕೊಡುವ ಮೊದಲು ಒಂದು ಕ್ಷಣ ತಡೆದರು. “ಇಷ್ಟನ್ನು ಹೊತ್ತುಕೊಂಡು ನೀವು ಮತ್ತೆ ಬಸ್ಸಿನಲ್ಲಿ ಹೋಗುತ್ತೀರಿ?”

“ನಂದಽ ಅಲ್ಲೇನ್ರಿ, ಮೇಡಂ” ಎಂದಳು ಅಕ್ಕ. “ಕೊಡ್ರಿ.”

ಆಮೇಲೆ ಪರೀಕ್ಷೆ ಮೊದಲಿನಿಂದ ನಡೆಯಿತು. ಕರ್ನಲ್ ಅಳೆಯುವ ಸಲಕರಣೆ ಹಿಡಿದು ಅಕ್ಕನ ಕಾಲನ್ನು ತಾವೇ ಮೆಲ್ಲಗೆ ಮಡಚಿದರು. ಎಲ್ಲಿ ನೋಯುತ್ತದೆ ಎಂದು ಕೇಳಲಿಲ್ಲ. ನೋಯುವ ಜಾಗ ಬರುವ ಸ್ವಲ್ಪ ಮೊದಲೇ ಅವರ ಕೈ ನಿಂತಿತು. ನಿಂತಲ್ಲಿ ಅಳತೆ ಹಿಡಿದು, “ಇಲ್ಲಿಗೆ. ಬರೆದುಕೊಳ್ಳಿ” ಎಂದರು. ಉಳಿದ ಇಬ್ಬರೂ ನಗಲಿಲ್ಲ.

ಪತ್ರ ಬಂದ ದಿನ ಅವ್ವ ಅದನ್ನು ಒಲೆಯಿಂದ ದೂರ ಹಿಡಿಸಿ ಓದಿಸಿಕೊಂಡಳು. ಎರಡೂ ಪಾಲು ಇದ್ದವು, ನಿಂತ ದಿನದಿಂದ ಬಾಕಿಯನ್ನೂ ಸೇರಿಸಿ. ಇನ್ನು ಮರುಪರೀಕ್ಷೆ ಇಲ್ಲ ಎಂದೂ ಇತ್ತು. ದುರದುಂಡಪ್ಪ ಕಾಕಾ ಬಂದು ಲಾರಿಗೆ ಒಂದು ಹಾರ ಹಾಕಿ, ಕೋಳಿಗಳಿಗೆ ಬೇರೆ ಗೂಡು ಮಾಡಿದ್ದೇನೆ ಎಂದು ಗಂಭೀರವಾಗಿ ತಿಳಿಸಿದ.

ಸಂಜೆಯೊಳಗೆ ಓಣಿಯವರು ಬಾಗಿಲಿಗೆ ಬಂದರು. ಎಲ್ಲರಿಗಿಂತ ಮುಂದೆ ತಾರಾಬಾಯಿ ಟೀಚರ್. ಅಂಗೈ ಚಾಚಿರಲಿಲ್ಲ, ಸೆರಗಿನೊಳಗೆ ಇಟ್ಟುಕೊಂಡಿದ್ದರು. ಅಕ್ಕ ಒಳಗಿನಿಂದ ಬಂದು ಎಲ್ಲರನ್ನೂ ನೋಡಿದಳು. ನಾನು ಅವಳ ಬೆನ್ನ ಹಿಂದೆ ನಿಂತು, ಮಾತು ಕೊಟ್ಟದ್ದನ್ನು ನೆನಪಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೊಸ್ತಿಲಿಗೆ ಬಂದಳು.

“ನಿಮ್ಮದು ನಸುಕಿನದಲ್ಲೇನ್ರಿ, ಟೀಚರ್? ಸುಗಲಿ ಹೇಳ್ಯಾಳ. ತಗೋರಿ. ಖರೇ ವಾರದಾಗ ಎರಡು ದಿನ ನನಗೂ ಬೇಕು. ಲಾರಿ ಶಾಲಿ ತೆರಿಯಾಕ ನಾನೂ ಎದ್ದು ಓದೂದೈತಿ.” ಟೀಚರ್ ಕೈ ಹೊರಗೆ ಬಂತು. “ಮೈಬೂಬ ಕಾಕಾ, ನಿಮಗ ಮರ್ಯಾದಿ ಬೇಕಂದ್ರ ಶುಕ್ರವಾರಕ್ಕೊಮ್ಮೆ ಬರ್ರಿ. ಬ್ರೇಕ್ ಕಲಸೂ ದಿನ ಗಿರಣಿ ಕಾಕಾ ಬರಲಿ. ಅವತ್ತು ಏಣಿ ಹತ್ತಾಕ ಒಬ್ಬ ಆಳು ಇಡಲಿ.”

“ಕಿವಿ?” ಎಂದೆ ನಾನು.

ಅಕ್ಕ ತಿರುಗಿ ನೋಡಿದಳು. “ಕಿವಿ ನಿನಗ ಯಾಕ? ಅದಿಲ್ಲದನ ಅಷ್ಟು ಮಾತಾಡಿ ಬಂದೆಲ್ಲ.”

ನಾನು ಅವಳನ್ನು ಬದಿಗೆ ಸರಿಸಿ ಬೀದಿಗೆ ಇಳಿದೆ. ತಿರುಗಿ ನಿಂತು ಅಂಗೈ ಚಾಚಿದೆ. ನನ್ನೆರಡೂ ಕಿವಿ ನೆಟ್ಟಗಿದ್ದವು, ಓಣಿಯ ಜನರೆಲ್ಲ ನೋಡುತ್ತಿದ್ದರು. “ಇವತ್ತು ನೀ ಲಾರಿ ಇಂಜಿನ್ ಕೇಳಬೇಕು. ನಾ ಕೇಳಿದರ ನನಗೇನ ತಿಳೀತೈತಿ? ಕೊಡು!” ಎಂದೆ.

ಓಣಿಯ ಕೊನೆಯ ಮನೆಯಿಂದ ಯಾರೋ ಕೂಗಿ ಕೇಳಿದರು, “ಯಾರದವ್ವಾ ಅದು ಧ್ವನಿ?”

“ನಂದು!” ಎಂದೆ.